ಬೀಗ ಹಾಕಿದ ಬಲಿಪೀಠ

ಬಹಳ ಹಿಂದೆ ಇಂಗ್ಲೆಂಡಿನ ಒಂದೂರಲ್ಲಿ ರೋಲ್ಫ್ ಎಂಬ ಉಣ್ಣೆ ವ್ಯಾಪಾರಿಗೆ ಸತ್ತಮೇಲಿನ ಚಿಂತೆ ಹತ್ತಿತು. ತನ್ನ ಆತ್ಮಕ್ಕಾಗಿ ದಿನಾ ಪ್ರಾರ್ಥನೆ ನಡೆಯಲೆಂದು ಇಗರ್ಜಿಯ ಮೂಲೆಯಲ್ಲಿ, ಪಾದ್ರಿ ನಿಂತು ಪೂಜೆ ನಡೆಸುವ ಸ್ವಂತ ಬಲಿಪೀಠ ಕಟ್ಟಿಸಿದ. ಸುತ್ತ ಮರದ ಗೋಡೆ, ಬಾಗಿಲಿಗೆ ಬೀಗ.

"ಬಡಬಗ್ಗರು ಯಾರಾದರೂ ಒಳಗೆ ಕಾಲಿಟ್ಟರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!" ಎಂದು ಕಸ ಗುಡಿಸುವ ಆಗ್ನೆಸಳಿಗೆ ಗದರಿದ.

ಊರಿನ ಬಟ್ಟೆ ಒಗೆಯುವ ಹೆಂಗಸರು ತಮ್ಮ ಸತ್ತವರನ್ನು ನೆನೆಯುತ್ತಿದ್ದದ್ದು ಅದೇ ಮೂಲೆಯಲ್ಲಿ. ಆಗ್ನೆಸಳಿಗೆ ಇದು ಸರಿಕಾಣಲಿಲ್ಲ. ಆದರೂ, "ಆಗಲಿ ಧಣಿ, ಮೊದಲ ಪೂಜೆಗೆ ನೀವೇ ಕೂತು ನೋಡಿ," ಎಂದಳು.

ಮರುದಿನ ರೋಲ್ಫ್, ಪಾದ್ರಿ ಇಬ್ಬರೇ ಒಳಗೆ. ಆಗ್ನೆಸ್ ಹೊರಗಿನಿಂದ ಬೀಗ ಜಡಿದಳು. ಪಾದ್ರಿ ರೋಲ್ಫನ ಹೆಸರೆತ್ತಿ ಪ್ರಾರ್ಥಿಸಿ, ಅಭ್ಯಾಸಬಲದಿಂದ ಜನ 'ಆಮೆನ್', ಅಂದರೆ 'ಹಾಗೇ ಆಗಲಿ', ಅನ್ನಲೆಂದು ಕಾದರು. ಸದ್ದಿಲ್ಲ. ಕೆಮ್ಮಿದರು. ಆಗಲೂ ಸದ್ದಿಲ್ಲ. ಕೊನೆಗೆ ರೋಲ್ಫನೇ ಸಣ್ಣ ದನಿಯಲ್ಲಿ 'ಆಮೆನ್' ಅಂದ.

ಬಾಗಿಲ ಸಂದಿಯಿಂದ ಆಗ್ನೆಸ್ ಕೇಳಿದಳು: "ಈಗೇನೋ ನೀವಿದ್ದೀರಿ ಧಣಿ. ನೀವು ಹೋದಮೇಲೆ ಅನ್ನೋರು ಯಾರು?"

ರೋಲ್ಫ್ ಎದ್ದು ಬಾಗಿಲು ಬಡಿದ. "ಬೀಗ ತೆಗೆಯೇ ಮಾರಾಯ್ತಿ! ಆ ಬಾಗಿಲನ್ನೇ ಕಿತ್ತು ಹಾಕಿಸು!"

ಆ ಬಾಗಿಲು ಬೆಂಚಾಯಿತು. ಮಂಡಿನೋವಿನ ಮುದುಕಿಯರೆಲ್ಲ ಅದರ ಮೇಲೆ ಕೂತು ಒಟ್ಟಿಗೆ ಅಂದ 'ಆಮೆನ್'ಗೆ ಇಗರ್ಜಿಯ ಪಾರಿವಾಳಗಳೆಲ್ಲ ಬೆದರಿ ಹಾರಿದವು.