ಪ್ರೆಸ್ಸಿಗೆ ಕಟ್ಟಿದ ನಿಂಬೆಹಣ್ಣು

ತಗಡಿನ ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ, ಪ್ರೆಸ್ ಯಂತ್ರದ ಬಾಯಿಗೆ ಅಡ್ಡ ನಿಲ್ಲಬೇಕಿದ್ದ ಕಬ್ಬಿಣದ ಜಾಲರಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದಿದ್ದರೆ ಕೆಲಸ ನಿಧಾನವಾಗುತ್ತದೆಂದು ಮಾಲೀಕ ಬಿಚ್ಚಿಸಿದ್ದ. ಅದರ ಬದಲಿಗೆ ಯಂತ್ರದ ನೆತ್ತಿಗೆ ಅಮಾವಾಸ್ಯೆಗೊಂದು ನಿಂಬೆಹಣ್ಣು ಕಟ್ಟಿಸುತ್ತಿದ್ದ.

ಆಯುಧಪೂಜೆಯ ದಿನ ಜಾಲರಿಗೂ ಕುಂಕುಮ ಹಚ್ಚಿದರು, ಮೊಳೆಯಿಂದ ಇಳಿಸದೆಯೇ. ಜಾಲರಿ ಕುದಿದುಹೋಯಿತು.

"ಏನಯ್ಯಾ ನಿಂಬೆಹಣ್ಣೇ, ಪ್ರೆಸ್ ನಡೆಸುವ ಫಕೀರಪ್ಪನ ಕೈ ದಿನಕ್ಕೆ ಸಾವಿರ ಸಲ ಆ ಬಾಯೊಳಗೆ ಹೋಗಿ ಬರುತ್ತದೆ. ಮೇಲೆ ಕೂತು ನೀನೇನು ಕಡಿಯುತ್ತಿದ್ದೀಯ?"

"ದೃಷ್ಟಿ ತೆಗೆಯುತ್ತಿದ್ದೇನೆ," ಎಂದಿತು ನಿಂಬೆಹಣ್ಣು ಗತ್ತಿನಿಂದ. "ನಿನಗೆ ಹೊಟ್ಟೆಕಿಚ್ಚು."

"ಯಾರ ದೃಷ್ಟಿ? ಆ ಪ್ರೆಸ್ಸಿಗೆ ಕಣ್ಣೇ ಇಲ್ಲವಲ್ಲ!"

"ಅದು ನಿಜ," ಎಂದಿತು ಪ್ರೆಸ್. "ನನಗೆ ಇಳಿಯುವುದೊಂದೇ ಗೊತ್ತು. ಕೆಳಗಿರುವುದು ತಗಡೋ ಬೆರಳೋ ಕಾಣುವುದಿಲ್ಲ. ಯಾರಾದರೂ ಅಡ್ಡ ನಿಲ್ಲಬೇಕು."

"ನಾಲ್ಕು ಬೋಲ್ಟು ಬಿಗಿದರೆ ನಾನೇ ನಿಲ್ಲುತ್ತೇನೆ!" ಎಂದು ಜಾಲರಿ ಕಿರುಚಿತು. ಕೇಳಬೇಕಾದವನು ಮಂಗಳಾರತಿ ಎತ್ತುತ್ತಿದ್ದ.

ಮೂರನೆಯ ದಿನ ಫಕೀರಪ್ಪನ ಎರಡು ಬೆರಳು ಹೋದವು. ಅವನನ್ನು ಆಟೋ ಹತ್ತಿಸಿ ಬಂದ ಮಾಲೀಕ ಯಂತ್ರದ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದ. ಕೊನೆಗೆ ಗೋಡೆಯ ಬಳಿ ಬಂದು ಜಾಲರಿಯನ್ನು ಕೆಳಗಿಳಿಸಿದ.

"ಅಂತೂ ಬುದ್ಧಿ ಬಂತು," ಎಂದುಕೊಂಡಿತು ಜಾಲರಿ.

ಮಾಲೀಕ ಅದನ್ನು ಮೂಲೆಗೆ ಎಸೆದು, ಖಾಲಿಯಾದ ಮೊಳೆಗೆ ದೊಡ್ಡದೊಂದು ಬೂದುಗುಂಬಳಕಾಯಿ ತೂಗುಹಾಕಿದ.