ಜೋಳದ ಹೊಲದ ಕೂಗು

"ಬುದ್ಧಿ, ನನ್ನ ಮೈಯೇ ನನಗೆ ಯಾಕೆ ಹಗೆಯಾಯಿತು?" ಎಂದು ಅಮರಯ್ಯ ಗುರುಗಳನ್ನು ಕೇಳಿದ.

ಆಗಷ್ಟೇ ಅವನು ಹಳ್ಳದಲ್ಲಿ ಇಟ್ಟಿಗೆ ಚೂರಿನಿಂದ ತೋಳು ಉಜ್ಜಿಕೊಂಡು ಬಂದಿದ್ದ. ಕೆಂಪು ಕಲೆಗಳ ಮೇಲಿನ ಬಿಳಿ ಹೊಟ್ಟು ಉದುರಿ ರಕ್ತ ಜಿನುಗುತ್ತಿತ್ತು. ದವಾಖಾನೆಯವರು ಸೂಜಿಮದ್ದಿಗೆ ಬಾ ಎಂದಿದ್ದರು. ಅವನು ಹೋಗಿರಲಿಲ್ಲ. ಇದು ಪಾಪ, ಉಜ್ಜಿಯೇ ತೆಗೆಯಬೇಕು ಎಂಬುದು ಅವನ ಹಟ. ಮಠದ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನೂ ಬಿಟ್ಟಿದ್ದ.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

"ಒಬ್ಬ ರೈತನ ಜೋಳಕ್ಕೆ ಹಾಲುಗಾಳು ಕಟ್ಟಿತ್ತು. ಗಿಳಿ ಕಾಯಲು ನಾಲ್ಕು ಅಟ್ಟಣೆ ಹಾಕಿ ನಾಲ್ವರನ್ನು ಕೂರಿಸಿದ. ಒಬ್ಬ ಹೋ ಎಂದರೆ ಉಳಿದವರೂ ಹೋ ಎನ್ನಬೇಕು, ಕೂಗು ಬಂದತ್ತ ಕವಣೆ ಬೀಸಬೇಕು. ಗಿಳಿಗಳು ಬಂದವು, ಹೆದರಿ ಹೋದವು. ಕೂಗು ಮಾತ್ರ ನಿಲ್ಲಲಿಲ್ಲ. ಇವನದು ಕೇಳಿ ಅವನು ಕೂಗಿದ, ಅವನದು ಕೇಳಿ ಇವನು. ಗಿಳಿಗಳು ಇನ್ನೊಬ್ಬನ ಕಡೆ ಇವೆ ಎಂದೇ ಎಲ್ಲರೂ ತಿಳಿದರು. ಮೂರು ದಿನ ಕಲ್ಲು ಬಿದ್ದು ತೆನೆ ಮುರಿದವು.

"ರೈತ ಬಡಿಗೆ ಎತ್ತಿಕೊಂಡ. ‘ನಾಲ್ವರನ್ನೂ ಓಡಿಸಿಬಿಡ್ತೀನಿ!’

"‘ನಾಳೆ ನಿಜಕ್ಕೂ ಗಿಳಿ ಬಂದರೆ ನೀನು ಕೂಗ್ತೀಯಾ? ನಿನ್ನ ಗಂಟಲಿಗೆ ಕಾಗೆಯೂ ಹೆದರಲ್ಲ’ ಎಂದಳು ಹೆಂಡತಿ.

"ಅವಳು ಹೊಲದ ನಡುವಿನ ಅಟ್ಟಣೆ ಹತ್ತಿದಳು. ಅಲ್ಲಿದ್ದವನ ದನಿಯೇ ಎಲ್ಲರಿಗಿಂತ ಜೋರು. ಪಾಪ, ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಮಜ್ಜಿಗೆ ಕೊಟ್ಟು, ‘ಸಾಕು, ಸ್ವಲ್ಪ ಸುಮ್ಮನಿರಪ್ಪ’ ಎಂದಳು. ಅವನು ಸುಮ್ಮನಾದ. ಓಗೊಡಲು ಕೂಗಿಲ್ಲದೆ ಉಳಿದವರ ಕವಣೆಯೂ ಇಳಿಯಿತು. ನಿಂತಿದ್ದಷ್ಟು ತೆನೆ ಬಲಿತವು."

"ನನ್ನ ಮೈಯಲ್ಲಿ ಕೂಗುವವರು ಯಾರು ಬುದ್ಧಿ?"

"ಇದ್ದಾರಪ್ಪ, ಕಣ್ಣಿಗೆ ಕಾಣದಷ್ಟು ಸಣ್ಣವರು. ಮುಳ್ಳು ಚುಚ್ಚಿದರೆ ಅವರು ಕೂಗುತ್ತಾರೆ, ರಕ್ತದಲ್ಲಿನ ಕಾವಲುಗಾರರು ಅಲ್ಲಿಗೆ ಓಡಿಬರುತ್ತಾರೆ. ಚರ್ಮ ಕೆಂಪಾಗುವುದು, ಬಿಸಿಯಾಗುವುದು ಆಗಲೇ. ನಿನ್ನಲ್ಲಿ ಮುಳ್ಳಿಲ್ಲ, ಕೂಗು ಮಾತ್ರ ನಿಂತಿಲ್ಲ. ಉಜ್ಜಿದಷ್ಟೂ ಅದು ಜಾಸ್ತಿ. ಆ ಸೂಜಿಮದ್ದು ಅವರಲ್ಲಿ ಒಬ್ಬನಿಗೆ ಸುಮ್ಮನಿರು ಅನ್ನುತ್ತದೆ, ಅಷ್ಟೇ."

ಅಮರಯ್ಯ ತಲೆ ತಗ್ಗಿಸಿದ. "ಹಾಗಾದರೆ ಇಷ್ಟು ದಿನ ನಾನು ಉಜ್ಜಿದ್ದು ಏನನ್ನು?"

ಗುರುಗಳು ಅಂಗೈಗೆ ಎಣ್ಣೆ ಹಾಕಿಕೊಂಡು ಅವನ ತೋಳಿಗೆ ಮೆಲ್ಲಗೆ ಸವರಿದರು.

"ನಿನ್ನನ್ನು ಕಾಯಲು ಓಡಿಬಂದವರನ್ನು, ಮಗು."

ಅಮರಯ್ಯ ತೋಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.