ಚಂಪಿ ಚಾಪೆ ಹಿಡಿದು ಹೋದ ದ್ವೀಪ

ಒಂದಾನೊಂದು ಕಾಲದಲ್ಲಿ, ಅಂದ್ರೆ ರಾಜರ ಕಾಲ ಅಲ್ಲ ಮಗಾ, ಮನೆಮನೇಲೂ ಫೋನು ಬಂದು ಕೂತ ಮೇಲಿನ ಕಾಲದಲ್ಲಿ, ಒಂದೂರಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಕೊಂಡು ಎರಡು ಮನೆ ಇದ್ದವಂತೆ. ಈ ಕಡೆ ಮನೇಲಿ ಅಣ್ಣ, ಆ ಕಡೆ ಮನೇಲಿ ಅವನ ತಂಗಿ. ಅಣ್ಣನ ಹೆಂಡತಿ ಹೊನ್ನಮ್ಮ, ಅವಳ ಮಗಳು ಚಂಪಿ. ತಂಗಿ ಹೆಸರು ದಾಕ್ಷಾಯಿಣಿ, ಅವಳ ಮಗಳು ಸೌಗಂಧಿ. ಈ ಹುಡುಗೀರಿಬ್ಬರೂ ಒಂದೇ ತಟ್ಟೇಲಿ ಉಂಡು ಒಂದೇ ಚಾಪೇಲಿ ಮಲಗಿ ಬೆಳೆದವರಂತೆ. ಒಬ್ಬಳಿಗೆ ಜ್ವರ ಬಂದ್ರೆ ಇನ್ನೊಬ್ಬಳೂ ಹಟ ಹಿಡಿದು ಕಷಾಯ ಕುಡೀತಿದ್ದಳಂತೆ, ಅಷ್ಟು ಜೀವ.

ಆಮೇಲೆ ಈ ಅಣ್ಣ-ತಂಗಿಯ ಕಿರಿ ತಮ್ಮನ ಮದುವೆ ಬಂತಂತೆ. ಮದುಮಗಳನ್ನ ಮನೆ ತುಂಬಿಸ್ಕೊಳ್ಳುವಾಗ ಮನೆಮಗಳು ಹೊಸಿಲಿಗೆ ಅಡ್ಡ ನಿಂತು ಬಾಗಿಲು ತಡೀಬೇಕಲ್ಲ, ಏನು ಬೇಕು ಕೇಳವ್ವ ಅಂತ ಮನೆಯವರು ಅನ್ನಬೇಕು, ಅವಳು ಕೇಳಬೇಕು, ಇವರು ಕೊಡ್ತೀವಿ ಅನ್ನಬೇಕು, ಆಮೇಲೆ ತಾನೆ ದಾರಿ ಬಿಡೋದು. ದಾಕ್ಷಾಯಿಣಿ ಲಗ್ನಪತ್ರಿಕೆ ಆದಾಗಿನಿಂದ ಅದಕ್ಕೇ ಕಾದಿದ್ದಳಂತೆ. ಮುಖಕ್ಕೆ ಪೌಡರು ಬಳಿದು, ಜಡೆಗೆ ಮೊಳಗಟ್ಟಲೆ ಮಲ್ಲಿಗೆ ಇಳಿಬಿಟ್ಟು, ಎರಡೂ ಕೈ ಚಾಚಿ ನಿಂತಳಂತೆ. ಅಷ್ಟರಲ್ಲಿ ಪುರೋಹಿತರು ರಾಹುಕಾಲ ಬಂತು ಅಂದ್ರು. ಹೊನ್ನಮ್ಮನ ಬಾಯಿ ಮೊದಲೇ ಬಿರುಸು. ಸರಿಯೇ ಅತ್ಲಾಗೆ, ನಿನ್ನ ಆಟಕ್ಕೆ ಇದೇ ಹೊತ್ತಾ ಅಂತ ತೋಳು ಹಿಡಿದು ಪಕ್ಕಕ್ಕೆ ದಬ್ಬಿ, ಮದುಮಗಳನ್ನ ಒಳಗೆ ಕರ್ಕೊಂಡು ಹೋದಳಂತೆ. ಬೀಗರೆದುರಿಗೆ! ವಿಡಿಯೋದವನೆದುರಿಗೆ! ಇವತ್ತಿಗೂ ಆ ವಿಡಿಯೋ ಹಾಕಿ ನೋಡಿದ್ರೆ ದಾಕ್ಷಾಯಿಣಿದು ಅಂತ ಕಾಣೋದು ಒಂದು ಮೊಣಕೈ ಅಂತೆ, ಅಷ್ಟೇ.

ಅವತ್ತಿಂದ ಮಾತು ನಿಂತಿತು. ಈ ಮನೆ ಒಗ್ಗರಣೆ ಚಟಪಟ ಅಂದದ್ದು ಆ ಮನೆಗೆ ಕೇಳ್ತಿತ್ತು, ಆ ಮನೆ ಕೆಮ್ಮು ಈ ಮನೆಗೆ ಕೇಳ್ತಿತ್ತು, ಮಾತು ಮಾತ್ರ ಇಲ್ಲ. ದಾಕ್ಷಾಯಿಣಿ ಮಗಳ ಸ್ಕೂಲನ್ನೇ ಬದಲಾಯಿಸಿಬಿಟ್ಟಳಂತೆ. ಕೊನೇ ದಿನ ಸ್ಕೂಲಿನ ನಲ್ಲಿ ಹತ್ರ ಸೌಗಂಧಿ ಚಂಪಿ ಕಿವೀಲಿ ಹೇಳಿದಳಂತೆ: ಫೋನಲ್ಲಿ ದ್ವೀಪದ ಆಟ ಒಂದಿದೆ ಕಣೇ, ಎಲ್ಲೆಲ್ಲಿಂದಲೋ ಜನ ಬಂದು ಸೇರ್ತಾರೆ. ಹತ್ರ ನಿಂತ್ರೆ ಒಬ್ಬರ ಮಾತು ಒಬ್ಬರಿಗೆ ಕೇಳ್ತದೆ. ಕರಿಗುಡ್ಡದ ತುದೀಲಿ ನನ್ನ ಮನೆ, ಹೊಗೆ ಕಾಣ್ತದೆ, ಬಂದ್ಬಿಡು. ಅಮಾವಾಸ್ಯೆ ಸಂಜೆಯೊಳಗೆ ಬಾ, ಅವತ್ತು ಸಮುದ್ರ ಬಂದು ದ್ವೀಪಾನೆಲ್ಲ ತೊಳೆದುಬಿಡ್ತದೆ, ಆಮೇಲೆ ನಾನು ಎಲ್ಲಿರ್ತೀನೋ ನನಗೇ ಗೊತ್ತಿಲ್ಲ.

ಚಂಪಿ ಅಪ್ಪನ ಗಾಜೊಡೆದ ಹಳೇ ಫೋನು ಹಿಡಿದು ಆ ದ್ವೀಪಕ್ಕೆ ಹೋದಳಂತೆ. ಕಣ್ಬಿಟ್ಟು ನೋಡಿದ್ರೆ ಮರಳ ದಂಡೆ. ಮೈಮೇಲೆ ಒಂದು ತುಂಡು ಬಟ್ಟೆ, ಕೈಲಿ ಒಂದು ಕಲ್ಲು, ಮತ್ತೇನೂ ಇಲ್ಲ. ಹುಟ್ಟಿದ ಮಗುವಿಗಾದ್ರೂ ಸೂಲಗಿತ್ತಿ ಇರ್ತಾಳೆ, ಅಲ್ಲಿ ಅದೂ ಇಲ್ಲ. ದೂರದಲ್ಲಿ ಕರಿಗುಡ್ಡ, ಅದರ ನೆತ್ತೀಲಿ ನೂಲಿನಂಥ ಹೊಗೆ. ಅದನ್ನ ಕಂಡದ್ದೇ ತಡ ಚಂಪಿ ಓಡಿದಳಂತೆ. ದಾರೀಲಿ ಸೌದೆ ಇತ್ತು, ಆರಿಸ್ಲಿಲ್ಲ. ಹಣ್ಣಿತ್ತು, ಕೀಳ್ಲಿಲ್ಲ. ಆ ದ್ವೀಪದಲ್ಲಿ ಸೂರ್ಯಂಗೆ ಭಾರೀ ಅವಸರ, ನಮ್ಮಲ್ಲಿ ಅನ್ನ ಬೇಯೋಷ್ಟರಲ್ಲಿ ಅಲ್ಲಿ ಹೊತ್ತು ಮುಳುಗ್ತದೆ. ಮುಳುಗ್ತು, ಚಳಿ ಇಳೀತು, ಹೊಟ್ಟೆ ಹಸೀತು, ಬೆಂಕಿ ಹಚ್ಚೋಣ ಅಂದ್ರೆ ಕಡ್ಡಿ ಇಲ್ಲ. ಗುಡ್ಡದ ಬುಡದಲ್ಲಿ ಮಂಡಿಯೂರಿ ಸತ್ತೇ ಹೋದಳಂತೆ. ಹೆದರ್ಕೋಬೇಡ, ಅಲ್ಲಿ ಸತ್ರೆ ಮತ್ತೆ ಅದೇ ಮರಳ ದಂಡೇಲಿ ಏಳ್ತಾರೆ. ಅದೇ ಬರಿಗೈ, ಅದೇ ಕಲ್ಲು.

ಆಮೇಲೆ ಎರಡನೇ ಸಲ ಚಂಪಿ ಬುದ್ಧಿ ತಂದ್ಕೊಂಡು ಮರಕ್ಕೆ ಕಲ್ಲಲ್ಲಿ ಹೊಡೆದು ಸೌದೆ ಮಾಡಿದಳು, ಬಂಡೆಗೆ ಹೊಡೆದು ಕಲ್ಲು ಮಾಡಿದಳು, ಎರಡನ್ನೂ ಸೇರಿಸಿ ಕೊಡಲಿ ಮಾಡಿದಳು, ಸೆಣಬು ಕಿತ್ತು ಒಂದು ಚಾಪೆ ಹೆಣೆದಳು, ಹೊಳೆ ದಂಡೇಲಿ ಮನೆ ಎಬ್ಬಿಸಿದಳಂತೆ. ಎಂಥ ಮನೆ! ಮುಂದೆ ಜಗಲಿ, ನಡುಮನೆ, ಹಿತ್ತಲ ಬಾಗಿಲು, ಥೇಟು ತಮ್ಮನೆ ಹಾಗೇ. ಹೋಗೋ ಬರೋರೆಲ್ಲ ನಿಂತು ನೋಡಿದ್ರಂತೆ. ನೋಡಿದೋರೆಲ್ಲ ಸಂತೋಷಪಡೋಕೆ ನಿಲ್ತಾರೆ ಅಂತ ತಿಳ್ಕೊಂಡಿತ್ತು ಆ ಮಗು. ಅಷ್ಟರಲ್ಲಿ ಇಲ್ಲಿ ಮನೆ ಒಳಗಿಂದ ಹೊನ್ನಮ್ಮ, ಚಂಪಿ, ದೀಪ ಹಚ್ಚೋ ಹೊತ್ತಾಯ್ತು, ಮುಂಬಾಗಿಲು ತೆಗಿ ಅಂತ ಕೂಗಿದಳು. ದೀಪದ ಹೊತ್ತಲ್ಲಿ ಬಾಗಿಲು ಹಾಕಿದ್ರೆ ಲಕ್ಷ್ಮಿ ತಿರುಗಿ ಹೋಗ್ತಾಳಲ್ಲ. ಚಂಪಿ ಮನೆ ಬಾಗಿಲೂ ತೆಗೆದಳು, ದ್ವೀಪದ ಮನೆ ಬಾಗಿಲೂ ತೆಗೆದಿಟ್ಟಳು. ಫೋನು ಕೆಳಗಿಟ್ಟು ದೇವರ ಮುಂದೆ ಕೂತಳು.

ಫೋನು ಕೆಳಗಿಟ್ರೆ ದ್ವೀಪದಲ್ಲಿ ನಮ್ಮ ಮೈ ಅಲ್ಲೇ ಮಲಗಿರ್ತದಂತೆ, ಬಂದೋರು ಏನು ಬೇಕಾದ್ರೂ ಮಾಡಬಹುದಂತೆ. ಬಂದ್ರು. ಲಕ್ಷ್ಮಿ ಅಲ್ಲ, ಮೂರು ಜನ ಬಿಲ್ಲಿನವರು. ಚಂಪಿ ತಿರುಗಿ ಬಂದು ನೋಡ್ತಾಳೆ, ಸೌದೆ ಇಲ್ಲ, ಕೊಡಲಿ ಇಲ್ಲ, ಮಲಗಿದ್ದ ಚಾಪೇನೂ ಎಳ್ಕೊಂಡಿದ್ದಾರೆ. ಅವರಲ್ಲೊಬ್ಬ ನಕ್ಕನಂತೆ: ಅಲ್ಲಾ ತಾಯಿ, ಬಾಗಿಲು ಹಾರುಹೊಡೆದಿಟ್ಟು ಮಲಗಿದ್ದೀಯಲ್ಲ, ನಮಗೇನು ಕುಂಕುಮಕ್ಕೆ ಕರೆದಿದ್ದಾ? ಹೊಸಬಳಾ? ಕೇಳಿಸ್ಕೋ, ಚಾಪೆ ಎಲ್ಲಿ ಹಾಸ್ತೀಯೋ ಸತ್ತಮೇಲೆ ಅಲ್ಲೇ ಏಳ್ತೀಯ. ಚಾಪೆ ಇಲ್ದೋಳಿಗೆ ಸಮುದ್ರದ ದಂಡೇನೇ ತೌರುಮನೆ. ಅಂದು ಬಾಣ ಬಿಟ್ಟ. ಮತ್ತೆ ಮರಳು, ಮತ್ತೆ ಕಲ್ಲು.

ಚಂಪಿ ಅವತ್ತು ಊಟ ಬಿಟ್ಟಳಂತೆ. ಯಾಕೆ ಅಂದ್ರೆ ಹೇಳ್ಲಿಲ್ಲ. ಹೇಳೋದು ಹೇಗೆ? ಹೊನ್ನಮ್ಮನೆದುರಿಗೆ ಸೌಗಂಧಿ ಹೆಸರು ತೆಗೆದ್ರೆ ಸೌಟು ಹಾರಿ ಬರ್ತಿತ್ತು. ಗೋಡೆಗೆ ಕಿವಿ ಕೊಟ್ಟು ಕೂತಳಂತೆ ಮಗು. ಆ ಕಡೆ ಸೌಗಂಧಿ ಮಗ್ಗಿ ಹೇಳ್ತಿದ್ದಳಂತೆ. ಕೂಗಿದ್ರೆ ಕೇಳೋಷ್ಟು ಹತ್ತಿರ, ಕೂಗೋ ಹಾಗಿಲ್ಲ.

ಆಮೇಲೆ ಮೂರನೇ ಸಲ ಅವಳು ಯಾರ ಕಣ್ಣಿಗೂ ಬೀಳದ ಹಾಗೆ ಮುಳ್ಳುಪೊದೆ ಮಧ್ಯೆ ಒಂದು ಗುಡಿಸಲು ಹಾಕಿದಳಂತೆ, ಕೋಳಿಗೂಡಿನಷ್ಟು. ಮೊದಲು ಚಾಪೆ ಹಾಸಿದಳು. ಆಮೇಲೆ ಬಾಗಿಲಿಟ್ಟಳು. ಆಮೇಲೆ ಒಲೆ. ಅಣಬೆ ಸುಟ್ಕೊಂಡು ತಿಂದಳು, ಜಿಂಕೆ ಚರ್ಮ ಹೊದ್ದಳು. ದೀಪದ ಹೊತ್ತಾದಾಗ ಬಾಗಿಲು ಎಳೆದು ಅಗುಳಿ ಹಾಕಿದಳು. ತಾಯೀ, ಇಲ್ಲಿಗೆ ಬರಬೇಡ, ಇದು ನಿನಗೆ ತಕ್ಕ ಜಾಗ ಅಲ್ಲ, ನಮ್ಮ ಮನೇಲಿ ತೆಗೆದಿದೆ, ಅಲ್ಲಿಗೆ ಹೋಗು ಅಂತ ಕೈಮುಗಿದಳಂತೆ. ಬಿಲ್ಲಿನವರು ಪೊದೆ ಪಕ್ಕದಲ್ಲೇ ಮಾತಾಡ್ತಾ ಹೋದ್ರು, ಕಾಣ್ಲಿಲ್ಲ.

ಹೀಗೆ ದಿನ ಕಳೆದು ಅಮಾವಾಸ್ಯೆ ಬಂದೇಬಿಡ್ತು. ಮಧ್ಯಾಹ್ನ ಊಟ ಆದ್ಮೇಲೆ ಚಂಪಿ ಅಡುಗೆಮನೆ ಮೂಲೇಲಿ ಗೋಡೆಗೊರಗಿ ಕೂತು ದ್ವೀಪಕ್ಕೆ ಹೋದಳಂತೆ. ಗುಡಿಸಲು ಬಿಟ್ಟು, ಚಾಪೆ ಸುತ್ತಿ ಕಂಕುಳಲ್ಲಿ ಇಟ್ಕೊಂಡು, ಹಾಸಿದ್ರೆ ಇನ್ನು ಸೌಗಂಧಿ ಮನೇಲೇ ಅಂತ ಗುಡ್ಡ ಹತ್ತಿದಳು. ಈಗ ಸತ್ರೆ ಮರಳ ದಂಡೇನೇ ಗತಿ, ಸಂಜೆಯೊಳಗೆ ಮತ್ತೆ ಹತ್ತಿ ಬರೋಕೆ ಹೊತ್ತಿಲ್ಲ. ಅರ್ಧ ಹತ್ತಿದಾಗ ಹಿಂದಿಂದ ಶಿಳ್ಳೆ ಕೇಳಿಸ್ತು. ಅದೇ ಮೂವರು. ಓಯ್ ಕುಂಕುಮದ ಹುಡುಗಿ, ಚಾಪೆ ಎಲ್ಲಿಗೆ ಹೊತ್ತೆ? ಚಂಪಿ ಓಡಿದಳು. ತೊಡೆಗೊಂದು ಬಾಣ ಬಿತ್ತು. ಕುಂಟ್ಕೊಂಡು ಓಡಿದಳು. ತುದೀಲಿ ಕಲ್ಲಿನ ಮನೆ, ಗಟ್ಟಿ ಬಾಗಿಲು, ಹೊಗೆ ಆಡ್ತಾ ಇತ್ತು.

ಸೌಗಂಧೀ, ನಾನು ಚಂಪಿ, ಬಾಗಿಲು ತೆಗಿಯೇ!

ಒಳಗಿಂದ ಒಂದು ದನಿ ಬಂತಂತೆ: ಸೌಗಂಧಿ ಇಲ್ಲ. ಟ್ಯೂಷನ್ನಿಗೆ ಹೋಗಿದ್ದಾಳೆ.

ಯಾರ ದನಿ ಹೇಳು? ದಾಕ್ಷಾಯಿಣಿದು! ಮಗಳು ಯಾರ ಜೊತೆ ಮಾತಾಡ್ತಾಳೋ ನೋಡೋಣ ಅಂತ ಫೋನು ಕಿತ್ಕೊಂಡೋಳು, ನೋಡ್ತಾ ನೋಡ್ತಾ ತಾನೇ ಆಟಕ್ಕೆ ಬಿದ್ದಿದ್ದಳಂತೆ. ದಿನಾ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ತಲೆನೋವು ಅಂತ ಕದ ಹಾಕ್ಕೊಂಡು, ದ್ವೀಪದಲ್ಲಿ ಸೌದೆ ಕಡೀತಿದ್ದಳು. ಹೆಂಗಸರ ಸಂಘದಲ್ಲಿ ಮೈಕು ಹಿಡಿದು ಮಕ್ಕಳಿಗೆ ಫೋನು ಕೊಡಬೇಡಿ ಅಂತ ಭಾಷಣ ಮಾಡೋಳು ಇವಳೇ ಮತ್ತೆ. ಕದ ಹಾಕ್ಕೊಂಡೋರ ತಲೆನೋವನ್ನ ಮಾತ್ರ ಯಾವತ್ತೂ ನಂಬಬೇಡ ಮಗಾ.

ಅತ್ತೆ, ನಾನು ಕಣತ್ತೆ, ಹೊಡೀತಿದ್ದಾರೆ ಅಂದಳಂತೆ ಚಂಪಿ.

ನಿಮ್ಮಮ್ಮ ಕಳಿಸಿದ್ದಾ?

ಇಲ್ಲ ಅತ್ತೆ. ಅವಳಿಗೆ ಗೊತ್ತೇ ಇಲ್ಲ.

ಬಾಗಿಲು ಒಂದು ಗೇಣು ತೆರೀತು. ಆ ಸಂದೀಲಿ ಆಟದಲ್ಲಿ ದಾಕ್ಷಾಯಿಣಿ ಆಗಿದ್ದ ಗೊಂಬೆ ಅಡ್ಡ ನಿಂತಿತ್ತಂತೆ, ಒಳಗೆ ಬಿಡಲೊಲ್ಲದು, ಹೊರಗೆ ತಳ್ಳಲೊಲ್ಲದು. ಬಾಗಿಲು ತೆಗೆದ್ರೆ ಬಿಲ್ಲಿನವರು ನುಗ್ತಾರೆ, ಅಷ್ಟು ದಿನದ ದುಡಿಮೆ ಹೋಗ್ತದೆ. ತೆಗೀದಿದ್ರೆ ಅಣ್ಣನ ಮಗಳು ಕಣ್ಣೆದುರಿಗೆ ಬೀಳ್ತಾಳೆ. ಚಂಪಿ ಆ ನಿಂತ ಭಂಗಿ ನೋಡಿದಳು. ಮದುವೆ ದಿನ ಹೊಸಿಲಲ್ಲಿ ಕೈ ಚಾಚಿ ನಿಂತಿದ್ದ ಅತ್ತೆ ನೆನಪಾದಳು. ಅತ್ತೆ, ಬಾಗಿಲು ತಡೆದಿದ್ದೀಯಲ್ಲ, ಏನು ಬೇಕು ಕೇಳು, ಕೊಡ್ತೀವಿ ಅಂದುಬಿಟ್ಟಳಂತೆ.

ಅದನ್ನ ಕೇಳಬೇಕಾದೋಳು ನೀನಲ್ಲ ಮಗಳೇ ಅಂದಳಂತೆ ದಾಕ್ಷಾಯಿಣಿ.

ಚಂಪಿ ತಲೆಯೆತ್ತಿ ನೋಡ್ತಾಳೆ, ಹೊನ್ನಮ್ಮ ಸೌಟು ಹಿಡಿದು ಎದುರಿಗೇ ನಿಂತಿದ್ದಾಳೆ. ಎಲ್ಲಾ ಕೇಳಿಸ್ಕೊಂಡಿದ್ದಾಳೆ. ಫೋನಲ್ಲಿ ಬಂದ ದನೀನೇ ಗೋಡೆಯಾಚೆಯಿಂದಲೂ ಬಂದಿತ್ತಲ್ಲ. ಹೊನ್ನಮ್ಮ ಬಯ್ಯಲಿಲ್ಲ. ಮಗಳ ಮುಖ ನೋಡಿದಳು, ಫೋನು ನೋಡಿದಳು, ಗೋಡೆ ನೋಡಿದಳು. ಆ ಹೆಂಗಸು ಜನ್ಮದಲ್ಲಿ ಯಾರಿಗೂ ಸೋತೋಳಲ್ಲ, ಹಾಲಿನವನ ಹತ್ರಾನೂ ಸೋತೋಳಲ್ಲ. ಇನ್ನೊಂದು ಬಾಣ ಚಂಪಿ ಬೆನ್ನಿಗೆ ಬಿತ್ತು. ಅಮ್ಮಾ ಅಂತು ಮಗು.

ಹೊನ್ನಮ್ಮ ಸೌಟು ಕೆಳಗಿಟ್ಟಳಂತೆ. ಫೋನಿಗೆ ಮಾತಾಡ್ಲಿಲ್ಲ, ಗೋಡೆ ಹತ್ರ ಹೋಗಿ ಅಂಗೈ ಊರಿ ನಿಂತಳು. ದಾಕ್ಷಾಯಿಣೀ, ಅವತ್ತು ನಾನು ನಿನ್ನನ್ನ ತಳ್ಳಬಾರದಾಗಿತ್ತು. ಏನು ಬೇಕು ಕೇಳವ್ವ.

ಗೋಡೆಯಾಚೆ ಮೂಗು ಸೀಟಿದ ಸದ್ದು. ಆಮೇಲೆ ಆ ಮಾತು ಗೋಡೆಯಿಂದಲೂ ಬಂತು, ಫೋನಿಂದಲೂ ಬಂತು: ಹಸಿರು ಸೀರೆ ಅತ್ತಿಗೆ. ಕೆಂಪಂಚು. ಅವತ್ತೇ ಕೇಳಬೇಕು ಅಂತಿದ್ದೆ.

ಕೊಡ್ತೀನಿ ಕಣೇ. ದಾರಿ ಬಿಡು, ಮಗು ಸಾಯ್ತಾ ಇದೆ.

ಬಾಗಿಲು ತೆರೀತು. ದಾಕ್ಷಾಯಿಣಿ ಚಂಪೀನ ಒಳಗೆಳ್ಕೊಂಡು ಅಗುಳಿ ಜಡಿದಳಂತೆ. ಬಿಲ್ಲಿನವರು ಬಂದು ಬಡಿದ್ರು. ಮೂವರೂ ತೊಲಗ್ತೀರೋ, ಕುದಿಯೋ ನೀರು ತರಲೋ ಅಂತ ಆ ತಾಯಿ ಒಳಗಿಂದ ಕೂಗಿದ ಕೂಗಿಗೆ ಗುಡ್ಡ ಇಳಿದು ಓಡಿದ್ರಂತೆ. ಗಾಯಕ್ಕೆ ಬಟ್ಟೆ ಕಟ್ಟಿ, ಬೆಂಕಿ ಪಕ್ಕ ಕೂರಿಸಿ, ಎಲ್ಲಿ ಆ ಚಾಪೆ ತಾ ಅಂತ ತಾನೇ ಹಾಸಿದಳಂತೆ, ಮಗಳ ಚಾಪೆ ಪಕ್ಕದಲ್ಲೇ.

ಸಂಜೆ ಆಯ್ತು. ಹೊನ್ನಮ್ಮ ದೀಪ ಹಚ್ಚಿ ಮುಂಬಾಗಿಲು ತೆಗೆದಿಟ್ಟು ಕೂತಳು. ಯಾವತ್ತಿಗಿಂತ ಅಗಲಕ್ಕೆ ತೆಗೆದಿದ್ದಳಂತೆ. ಟ್ಯೂಷನ್ನಿಂದ ಬಂದ ಸೌಗಂಧಿ ಬ್ಯಾಗು ಸಮೇತ ಓಡಿ ಬಂದಳು, ಹಿಂದೆ ಸೆರಗು ಸರಿಮಾಡ್ಕೊಳ್ತಾ ದಾಕ್ಷಾಯಿಣಿ. ಹೊಸಿಲಲ್ಲಿ ಒಂದು ಗಳಿಗೆ ನಿಂತಳು. ಯಾರೂ ತಡೀಲಿಲ್ಲ. ಅದೇ ಹೊತ್ತಿಗೆ ಮೂಲೇಲಿ ಬಿದ್ದಿದ್ದ ಫೋನಲ್ಲಿ ಸಮುದ್ರ ಏರಿ ಬಂದು ಗುಡ್ಡ, ಮನೆ, ಚಾಪೆ ಎಲ್ಲಾ ತೊಳ್ಕೊಂಡು ಹೋಯ್ತಂತೆ. ಯಾರೂ ನೋಡ್ಲಿಲ್ಲ.

ಹಬ್ಬಕ್ಕೆ ಹಸಿರು ಸೀರೆ ಬಂತು. ಅಂಚು ಕೆಂಪೇ, ಆದ್ರೆ ಸ್ವಲ್ಪ ಸಣ್ಣದಾಯ್ತು ಅಂತ ದಾಕ್ಷಾಯಿಣಿ ಅಂದಳಂತೆ, ಅನ್ನದೆ ಇರ್ತಾಳಾ. ಅವತ್ತಿಂದ ಇವತ್ತಿನವರೆಗೂ ದ್ವೀಪ ಹೊಸದಾದಾಗೆಲ್ಲ ಮರಳ ದಂಡೇಲಿ ಕೈಲೊಂದೊಂದು ಕಲ್ಲು ಹಿಡಿದು ಮೂವರು ಏಳ್ತಾರಂತೆ, ಇಬ್ಬರು ಹುಡುಗೀರು, ಒಬ್ಬಳು ಅತ್ತೆ. ಮೊದಲು ಚಾಪೆ ಹಾಸೋದು ಅತ್ತೇನೇ ಅಂತೆ.

ಕತೆ ಮುಗೀತು ಮಗಾ. ದೀಪದ ಹೊತ್ತು ಕಳೀತು, ಬಾಗಿಲು ಹಾಕಿದ್ದೀನಿ, ನಿನ್ನ ಚಾಪೆ ನನ್ನ ಪಕ್ಕದಲ್ಲೇ ಇದೆ. ಮಲಕ್ಕೋ.